ಸ್ಟ್ರ್ಯಾಟೋ, ಲೆಸ್ ಪಾಲೋ: ದಾಂಡೇಲಿಯಲ್ಲಿ ತಣ್ಣಗಾದ ಜಗಳ

ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಸರಾದ ಇಲೆಕ್ಟ್ರಿಕ್ ಗಿಟಾರ್ ಯಾವುದು ಎಂದು ಒಂದು ಕಾಲದಲ್ಲಿ ದಾಂಡೇಲಿಯಲ್ಲಿ ಯಾರಾದರೂ ಕೇಳಿದ್ದರೆ ಅವರ ಅಂದಿನ ರಾತ್ರಿ ಊಟ ತಪ್ಪುತ್ತಿತ್ತು. ಕೇಳಿದವರನ್ನು ಸುಮ್ಮನೆ ಬಿಟ್ಟು ಕಳಿಸುವ ಜನ ನಾವಾಗಿರಲಿಲ್ಲ. ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಎನ್ನುವವರದೊಂದು ಪಂಗಡ, ಗಿಬ್ಸನ್ ಲೆಸ್ ಪಾಲ್ ಎನ್ನುವವರದೊಂದು ಪಂಗಡ, ನಡುವೆ ಟೆಲಿಕ್ಯಾಸ್ಟರ್ ಎಂದು ಹಟ ಹಿಡಿದು ಕೂತ ನನ್ನಂಥ ಒಬ್ಬಿಬ್ಬರು. ಪೇಪರ್ ಮಿಲ್ಲಿನ ಶಿಫ್ಟ್ ಮುಗಿಸಿ ಸೈಕಲ್ ಮೇಲೆ ಬರುತ್ತಿದ್ದ ಫಿಟರ್, ಚರ್ಚಿನ ಕಾಯರ್‌ನಲ್ಲಿ ಹಾಡುತ್ತಿದ್ದ ಕೊಂಕಣಿ ಮನೆಮಾತಿನ ಹುಡುಗ, ಹಳಿಯಾಳದ ಕಡೆಯಿಂದ ಬಂದು ಡ್ರಮ್ಸ್ ಬಾರಿಸುತ್ತಿದ್ದ ಸಿದ್ದಿ ಗೆಳೆಯ, ರಜೆಗೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದ ಬಂದು ಸೇರಿಕೊಳ್ಳುತ್ತಿದ್ದ ಇನ್ನೊಬ್ಬ, ಎಲ್ಲರೂ ಆ ಜಗಳದ ಕಾಯಂ ಭಾಗೀದಾರರು. ಇವರಲ್ಲಿ ಒಬ್ಬರೂ ನಿಜವಾದ ಫೆಂಡರನ್ನಾಗಲಿ ಗಿಬ್ಸನ್ನನ್ನಾಗಲಿ ಕೈಯಿಂದ ಮುಟ್ಟಿ ನೋಡಿದವರಲ್ಲ.

ಆ ಜಗಳ ಈಗ ನಮ್ಮ ಸೀಮೆಯಲ್ಲಿ ಎಲ್ಲೂ ಕೇಳುವುದಿಲ್ಲ. ಅದು ಹೋದದ್ದಕ್ಕೆ ನನಗೆ ದುಃಖವಿದೆ. ಹಳೆಯ ಹುಡುಗಾಟವೊಂದು ಮುಗಿಯಿತು ಎಂದು ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗಿಲ್ಲ.

ನಮ್ಮ ಆರ್ಕೆಸ್ಟ್ರಾದ ಪ್ರ್ಯಾಕ್ಟೀಸ್ ನಡೆಯುತ್ತಿದ್ದದ್ದು ಕೋಗಿಲಬನದ ಒಂದು ಹೆಂಚಿನ ಮನೆಯಲ್ಲಿ. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ನೈಟ್ ಶಿಫ್ಟ್ ಮಾಡಿ ಮಲಗಿದವರ ತಲೆಯ ಹತ್ತಿರ ಡ್ರಮ್ಸ್ ಬಾರಿಸುವುದಕ್ಕೆ ಆಗುವುದಿಲ್ಲ. ಹಾಗಾಗಿ ಊರಾಚೆ ಹುಡುಕಿಕೊಂಡ ಜಾಗ ಅದು. ಗಣೇಶ ಚವತಿಗೆ ಮುಂಚಿನ ಮಳೆಗಾಲದ ದಿನಗಳೆಲ್ಲ ಅಲ್ಲೇ ಕಳೆಯುತ್ತಿದ್ದವು. ಗಾಳಿ ಎದ್ದರೆ ಎಲ್ಲೋ ಒಂದು ಮರ ತಂತಿಯ ಮೇಲೆ ಬೀಳುತ್ತಿತ್ತು, ಕರೆಂಟ್ ಹೋಗುತ್ತಿತ್ತು. ಗಣೇಶಗುಡಿಯ ಹತ್ತಿರ ಸೂಪಾ ಅಣೆಕಟ್ಟು, ನಾಗಝರಿಯಲ್ಲಿ ವಿದ್ಯುದಾಗಾರ. ನಾಡಿಗೆಲ್ಲ ಬೆಳಕು ಕೊಡುವ ಕಾಳಿ ನದಿ ನಮ್ಮ ಪಕ್ಕದಲ್ಲೇ ಹರಿಯುತ್ತದೆ. ಆದರೂ ಕೋಗಿಲಬನದಲ್ಲಿ ಕತ್ತಲು.

ಕರೆಂಟ್ ಇಲ್ಲದ ಇಲೆಕ್ಟ್ರಿಕ್ ಗಿಟಾರನ್ನು ಹಿಡಿದು ಕೂತವರಿಗಷ್ಟೇ ಅದರ ಸಂಕಟ ಗೊತ್ತು. ಅದರ ಒಡಲು ಒಳಗೆ ಪೊಳ್ಳಿಲ್ಲದ ಗಟ್ಟಿ ಹಲಗೆ. ತಂತಿ ಮೀಟಿದರೆ ಮಗ್ಗುಲಲ್ಲಿ ಕೂತವನಿಗೂ ಕೇಳದು. ಕೀಬೋರ್ಡ್ ಸತ್ತಿದೆ, ಮೈಕ್ ಸತ್ತಿದೆ, ಅಹುಜಾ ಆಂಪ್ಲಿಫಯರಿನ ಕೆಂಪು ದೀಪ ಆರಿದೆ. ಉಳಿದದ್ದು ಡ್ರಮ್ಸ್ ಒಂದೇ, ಅದೊಂದನ್ನೇ ಬಾರಿಸಿದರೆ ಊರವರು ಬೈಯುತ್ತಾರೆ. ಆಗ ಯಾರೋ ಕಂದೀಲು ಹಚ್ಚುತ್ತಿದ್ದರು, ಇನ್ನಾರೋ ಕಿಡಿ ಹಚ್ಚುತ್ತಿದ್ದರು. "ಏನ ಅನ್ರಲೇ, ಸ್ಟ್ರ್ಯಾಟಿನಷ್ಟ ಚಂದನ ಗಿಟಾರ್ ಭೂಮಿ ಮ್ಯಾಲ ಹುಟ್ಟಿಲ್ಲ." ಅಷ್ಟು ಸಾಕಾಗುತ್ತಿತ್ತು. ಕರೆಂಟ್ ಬರುವ ತನಕ, ಕೆಲವು ಸಲ ಬಂದ ಮೇಲೂ, ಮಾತು ನಿಲ್ಲುತ್ತಿರಲಿಲ್ಲ.

ನಾವು ಇವನ್ನೆಲ್ಲ ತಿಳಿದುಕೊಂಡದ್ದು ಕಿವಿಯಿಂದ. ಆಕಾಶವಾಣಿ ಧಾರವಾಡದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವಿನ ಖಾಲಿ ನಿಮಿಷಗಳಲ್ಲಿ ಸುನೀಲ್ ಗಂಗೂಲಿಯವರ ಗಿಟಾರ್ ಬರುತ್ತಿತ್ತು. ಸಿನಿಮಾ ಹಾಡನ್ನು ಮಾತಿಲ್ಲದೆ ಎಳೆದೆಳೆದು ನುಡಿಸುವ ಹವಾಯಿಯನ್ ಗಿಟಾರ್ ಅದು. 1980ರ 'ಕರ್ಜ್' ಸಿನಿಮಾದ ಗಿಟಾರ್ ತುಣುಕನ್ನು ನುಡಿಸಿದವರು ಗೋರಖ್ ಶರ್ಮಾ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾರ್ವಜನಿಕ ಗಣಪತಿಯ ರಸಮಂಜರಿಯಲ್ಲಿ ಆ ತುಣುಕು ನುಡಿಸದೆ ಸ್ಟೇಜಿನಿಂದ ಇಳಿಯಲು ಜನ ಬಿಡುತ್ತಿರಲಿಲ್ಲ. 1981ರಲ್ಲಿ 'ಗೀತಾ' ಬಂದಾಗ ಶಂಕರ್ ನಾಗ್ ಗಾಯಕನ ಪಾತ್ರದಲ್ಲಿ ಕಾಣಿಸಿಕೊಂಡರು. ಸಂಗೀತ ಇಳಯರಾಜಾ ಅವರದು. ಆ ಸಿನಿಮಾ ನೋಡಿ ಗಿಟಾರ್ ಕೊಳ್ಳಬೇಕೆಂದು ಮನೆಯಲ್ಲಿ ಹಟ ಮಾಡಿದವರು ದಾಂಡೇಲಿ, ಹಳಿಯಾಳದಲ್ಲಿ ಬೇಕಾದಷ್ಟು ಜನ ಇದ್ದರು. ಇಂಗ್ಲಿಷ್ ಹಾಡುಗಳು ಮಾತ್ರ ಗೋವಾದಿಂದ ಬರಬೇಕಾಗಿತ್ತು. ರಾಮನಗರ, ಅನಮೋಡ ದಾಟಿ ಘಟ್ಟ ಇಳಿದರೆ ಅದು ಇನ್ನೊಂದೇ ಲೋಕ. ಅಲ್ಲಿ ಅಣ್ಣನೋ ಮಾಮನೋ ಇರುವವರು ಕ್ಯಾಸೆಟ್ ತರುತ್ತಿದ್ದರು, ಒಂದರಿಂದ ಹತ್ತು ಕಾಪಿಯಾಗುತ್ತಿತ್ತು. ಹತ್ತನೆಯ ಕಾಪಿಯಲ್ಲಿ ಹಾಡಿಗಿಂತ ಸುಯ್ಯೆನ್ನುವ ಸದ್ದೇ ಹೆಚ್ಚು. ಆ ಸುಯ್ಯೆನ್ನುವ ಸದ್ದಿನೊಳಗಿಂದ ಇದು ಯಾವ ಗಿಟಾರ್ ಎಂದು ಹೆಕ್ಕಿ ಹೇಳುವುದೇ ನಮ್ಮ ವಿದ್ಯೆ.

ಕೈಯಲ್ಲಿದ್ದದ್ದು ಕೋಲ್ಕತ್ತಾದ ಗಿವ್‌ಸನ್, ಹಾಬ್ನರ್. ಆಮದು ಸುಂಕ ಆಕಾಶದಲ್ಲಿದ್ದ ಕಾಲ. ಅಮೆರಿಕದ ಗಿಟಾರ್ ಎಂಬುದು ಪೋಸ್ಟರಿನಲ್ಲಿ ಮಾತ್ರ ನೋಡುವ ವಸ್ತು. ಗಿವ್‌ಸನ್ನಿನ ತಂತಿ ಫ್ರೆಟ್‌ಗಿಂತ ಇಷ್ಟೆತ್ತರ ನಿಂತಿರುತ್ತಿತ್ತು, ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. ಆದರೂ ಅದು ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುತ್ತಿತ್ತು, ನಮ್ಮ ಜೇಬಿಗೆ ಎಟುಕುತ್ತಿತ್ತು. ಆ ಕಂಪನಿಗಳು ಇಲ್ಲದಿದ್ದರೆ ಈ ದೇಶದ ಸಣ್ಣ ಊರುಗಳಲ್ಲಿ ಒಂದು ತಲೆಮಾರು ಗಿಟಾರನ್ನೇ ಹಿಡಿಯುತ್ತಿರಲಿಲ್ಲ. ಅವುಗಳನ್ನು ಗೇಲಿ ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವಾದದ ಒಳಗಿನ ತಿರುಳು ಸರಳವಾಗಿತ್ತು. ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಆತ ಮಾರುಕಟ್ಟೆಗೆ ತಂದ ಹಲಗೆ ಗಿಟಾರೇ ಮರುವರ್ಷ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆಯಿತು. 1952ಕ್ಕೆ ಗಿಬ್ಸನ್ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್ ಹೆಸರಿನಲ್ಲೇ ತನ್ನ ಗಟ್ಟಿ ಒಡಲಿನ ಗಿಟಾರ್ ತಂದಿತು. 1954ಕ್ಕೆ ಫೆಂಡರಿನ ಸ್ಟ್ರ್ಯಾಟೊಕ್ಯಾಸ್ಟರ್. ಇಷ್ಟೇ ನಾಲ್ಕು ವರ್ಷ. ಅದಾದ ಮೇಲೆ ಬಂದ ಗಿಟಾರ್‌ಗಳಲ್ಲಿ ಬಹಳಷ್ಟು ಈ ಮೂರರ ಮಕ್ಕಳು ಮೊಮ್ಮಕ್ಕಳೇ. ಇದಕ್ಕೂ ಹಿಂದೆ, 1930ರ ದಶಕದ ಆರಂಭದಲ್ಲಿ, ರಿಕನ್‌ಬ್ಯಾಕರ್ ಕಂಪನಿಯ ಬಾಣಲೆ ಆಕಾರದ ಅಲ್ಯೂಮಿನಿಯಂ ಗಿಟಾರ್ ಬಂದಿತ್ತು, ಅದನ್ನು ತೊಡೆಯ ಮೇಲಿಟ್ಟು ಹವಾಯಿಯನ್ ಶೈಲಿಯಲ್ಲಿ ನುಡಿಸುತ್ತಿದ್ದರು. ನಮ್ಮ ಸುನೀಲ್ ಗಂಗೂಲಿಯವರ ವಂಶ ಅದು. ಈ ಮಾತು ಎತ್ತಿದಾಗಲೆಲ್ಲ ಕಾಯರ್ ಹುಡುಗ ಮೊದಲು ಬಂದದ್ದಕ್ಕೇ ಮೊದಲ ಮಣೆ ಎಂದು ಕೂಗುತ್ತಿದ್ದ, ಯಾರೂ ಒಪ್ಪುತ್ತಿರಲಿಲ್ಲ.

ಸ್ಟ್ರ್ಯಾಟ್ ಪಂಗಡದ ದೊಡ್ಡ ಅಸ್ತ್ರ ಜಿಮಿ ಹೆಂಡ್ರಿಕ್ಸ್. ಎಡಗೈಯವನು, ಬಲಗೈಯವರಿಗೆ ಮಾಡಿದ ಗಿಟಾರನ್ನೇ ತಲೆಕೆಳಗು ಮಾಡಿ ತಂತಿ ಬದಲಿಸಿ ನುಡಿಸಿದವನು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ಕೊನೆಯ ಬೆಳಿಗ್ಗೆ ಅವನ ಕೈಯಲ್ಲಿದ್ದ ಬಿಳಿ ಸ್ಟ್ರ್ಯಾಟೊಕ್ಯಾಸ್ಟರಿನ ಫೋಟೋ ಆ ಹೆಂಚಿನ ಮನೆಯ ಗೋಡೆಯ ಮೇಲಿತ್ತು, ದತ್ತಾತ್ರೇಯನ ಕ್ಯಾಲೆಂಡರಿನ ಪಕ್ಕ. ಲೆಸ್ ಪಾಲ್ ಪಂಗಡದ ಅಸ್ತ್ರ ಬೇರೆ. ತಂತಿಯ ಅದುರನ್ನು ಕರೆಂಟಾಗಿಸುವ ಪಿಕಪ್ ಫೆಂಡರಿನಲ್ಲಿ ಒಂದೇ ಸುರುಳಿಯದು. ಅದು ಗಿಟಾರಿನ ನಾದದ ಜೊತೆಗೆ ಸುತ್ತಲಿನ ಕರೆಂಟಿನ ಗುಂಯ್ಗುಟ್ಟುವಿಕೆಯನ್ನೂ ಹೀರಿಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ನಿನ ಇಂಜಿನಿಯರ್ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಗುಂಯ್ ಸದ್ದನ್ನು ಕೊಂದ, ಸ್ವರ ದಪ್ಪವಾಯಿತು. ಆ ಜೋಡಿ ಸುರುಳಿಯ ಪಿಕಪ್ಪನ್ನು ಹಂಬಕರ್, ಅಂದರೆ ಗುಂಯ್ ತಡೆಯುವುದು, ಎನ್ನುವುದು ಅದಕ್ಕೇ. ಇದು ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ನಮ್ಮ ಪ್ರ್ಯಾಕ್ಟೀಸ್ ಕೋಣೆಯ ಟ್ಯೂಬ್‌ಲೈಟ್ ಹಚ್ಚಿದ ಕೂಡಲೇ ಒಂದೇ ಸುರುಳಿಯ ಗಿಟಾರ್ ಗುಂಯ್ ಎನ್ನುತ್ತಿತ್ತು. ಲೆಸ್ ಪಾಲ್‌ನವರು ಎದ್ದು ಹೋಗಿ ಟ್ಯೂಬ್‌ಲೈಟಿನ ಸ್ವಿಚ್ ಹಾಕಿ, ತೆಗೆದು, ಹಾಕಿ, "ಕೇಳಿದ್ರ್ಯಾ? ಕೇಳಿದ್ರ್ಯಾ?" ಎನ್ನುತ್ತಿದ್ದರು. ಅದಕ್ಕೆ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ. ಕತ್ತಲಲ್ಲಿ ನುಡಿಸ್ತೀವಿ ಬಿಡು ಎಂದು ಫಿಟರ್ ದೀಪವನ್ನೇ ಆರಿಸಿ ಕೂತದ್ದಿದೆ.

ತೀರ್ಪು ಬೇಕೇಬೇಕು ಎನ್ನಿಸಿದಾಗ ಹೊರಗೆ ಬರುತ್ತಿದ್ದದ್ದು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ'. ಟೇಪ್‌ರೆಕಾರ್ಡರ್ ಸೆಲ್ಲಿನ ಮೇಲೂ ಓಡುವುದರಿಂದ ಕರೆಂಟಿನ ಹಂಗಿಲ್ಲ. ಆ ಹಾಡಿನ ಮಾತೆಲ್ಲ ಮುಗಿದ ಮೇಲೆ ಎರಡು ಗಿಟಾರ್‌ಗಳು ಎದುರಾಬದುರು ಕೂರುತ್ತವೆ. ಮೊದಲು ಡಾನ್ ಫೆಲ್ಡರ್, ಕೈಯಲ್ಲಿ ಲೆಸ್ ಪಾಲ್. ಆಮೇಲೆ ಜೋ ವಾಲ್ಶ್, ಕೈಯಲ್ಲಿ ಟೆಲಿಕ್ಯಾಸ್ಟರ್. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡುತ್ತಾನೆ, ಸಾಲು ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹೇಳತೊಡಗುತ್ತಾರೆ. ಇದನ್ನು ಕೇಳುವುದಕ್ಕೊಂದು ಪದ್ಧತಿ ಇತ್ತು. ಎಲ್ಲರೂ ಕಣ್ಣು ಮುಚ್ಚಬೇಕು. ಲೆಸ್ ಪಾಲ್ ಎನ್ನಿಸಿದಾಗ ಬಲಗೈ, ಟೆಲಿ ಎನ್ನಿಸಿದಾಗ ಎಡಗೈ ಎತ್ತಬೇಕು. ಕಂದೀಲು ಹಿಡಿದವನೊಬ್ಬ ಯಾರು ತಪ್ಪಿದರು ನೋಡುತ್ತಾನೆ. ದಪ್ಪ, ತುಂಬಿದ, ಹಿಂದಕ್ಕೆ ಜಗ್ಗುವ ಸ್ವರ ಒಂದು. ತೆಳ್ಳಗೆ ಚುಚ್ಚುವ, ಅಂಚು ಹರಿತವಾದ ಸ್ವರ ಇನ್ನೊಂದು. ಮೊದಮೊದಲು ಯಾರ ಕೈ ಎಲ್ಲಿ ಏಳಬೇಕೋ ತಿಳಿಯುತ್ತಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೈಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಗಿಟಾರ್ ಎಂದೂ ಹಿಡಿಯದ ಆ ಮನೆಯ ಅಜ್ಜಿಯೂ ಒಳಗಿನಿಂದಲೇ "ಈಗ ಬಂತ ನೋಡ್ರಿ ಸಣ್ಣ ದನೀದು" ಎನ್ನುವಷ್ಟು.

ಈ ಕೇಳುವಿಕೆ ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. ಧಾರವಾಡದ ಗವಾಯಿಗಳ ಮನೆಗಳಲ್ಲಿ ಮೀರಜಿನ ಯಾವ ಕಾರಾಗೀರ ಮಾಡಿದ ತಂಬೂರಿಗೆ ಎಂಥ ಜವಾರಿಯ ಝೇಂಕಾರ ಇದೆ ಎಂದು ಹಿರಿಯರು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾವು ಆ ನೆಲದವರೇ. ತಂಬೂರಿಯ ಜಾಗದಲ್ಲಿ ನಮಗೆ ದೂರದ ಕ್ಯಾಲಿಫೋರ್ನಿಯಾದ, ಮಿಶಿಗನ್ನಿನ ಹಲಗೆಗಳು ಸಿಕ್ಕಿದವು.

ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ವಿಷಯ ಬಂದಾಗ ಮಾತ್ರ ಡ್ರಮ್ಸಿನ ಗೆಳೆಯ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ. 1949ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬ ಹಳ್ಳಿಯ ಕುಣಿತದ ಮನೆಯೊಂದರಲ್ಲಿ ಬೆಂಕಿ ಬಿದ್ದಿತು. ಬೆಚ್ಚಗಾಗಲು ಉರಿಸಿದ್ದ ಸೀಮೆಎಣ್ಣೆಯ ಡ್ರಮ್ಮನ್ನು ಜಗಳವಾಡುತ್ತಿದ್ದ ಇಬ್ಬರು ಉರುಳಿಸಿದ್ದರು. ಹೊರಗೆ ಓಡಿಬಂದಿದ್ದ ಕಿಂಗ್ ಮತ್ತೆ ಬೆಂಕಿಯೊಳಗೆ ನುಗ್ಗಿ ತನ್ನ ಗಿಟಾರ್ ಉಳಿಸಿಕೊಂಡ. ಆ ಜಗಳ ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ತಿಳಿದ ಮೇಲೆ ತನ್ನ ಗಿಟಾರಿಗೆ ಅದೇ ಹೆಸರಿಟ್ಟ, ಮುಂದೆ ಹಿಡಿದ ಗಿಟಾರ್‌ಗಳೆಲ್ಲ ಲೂಸಿಲ್ಲೇ. ಗೆಳೆಯ ಈ ಕಥೆಯನ್ನು ಹೇಳಿ, ಕ್ಯಾಸೆಟ್ಟಿನ ಮೇಲಿದ್ದ ಕಿಂಗ್‌ನ ಚಿತ್ರಕ್ಕೆ ಬೆರಳಿಟ್ಟು, "ಈ ಅಜ್ಜಾ ನಮ್ಮಾಂವನ ಅದಾನ ನೋಡ್ರಲೇ" ಎನ್ನುತ್ತಿದ್ದ. ಪೋರ್ಚುಗೀಸರು ಗೋವೆಗೆ ಹಡಗಿನಲ್ಲಿ ತಂದಿಳಿಸಿದ ಆಫ್ರಿಕದ ಜನರ ಮಕ್ಕಳು ನಮ್ಮ ಸಿದ್ದಿಗಳು. ಬ್ಲೂಸ್ ಹಾಡಿದವರು ಇನ್ನೊಂದು ದಿಕ್ಕಿನ ಹಡಗಿನಲ್ಲಿ ಹೋದವರ ಮಕ್ಕಳು. ಗೆಳೆಯನ ಮನೆಯಲ್ಲಿ ದಮಾಮಿ ಡೋಲು ನೇತುಹಾಕಿರುತ್ತಿತ್ತು, ಹಬ್ಬಕ್ಕೆ ಅವನ ತಂದೆ ಅದನ್ನು ಬಾರಿಸುತ್ತಿದ್ದರು. ಜಗತ್ತಿನ ಹೆಸರಾಂತ ಗಿಟಾರ್ ಯಾವುದು ಎಂದರೆ ಅವನ ಉತ್ತರ ಒಂದೇ, ಲೂಸಿಲ್. ಅವನ ಜೊತೆ ಆ ವಿಷಯದಲ್ಲಿ ವಾದಕ್ಕಿಳಿಯುವ ಹಕ್ಕು ತಮಗಿಲ್ಲವೆಂದು ಉಳಿದವರಿಗೆ ತಾವಾಗಿಯೇ ತಿಳಿದಿತ್ತು.

ಫಿಟರ್‌ಗೆ ಟೋನಿ ಐಯೋಮಿ ದೇವರು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹದಿನೇಳರ ಹುಡುಗ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನೂ ಎಡಚ, ತಂತಿ ಒತ್ತಬೇಕಾದದ್ದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತಂತಿ ಸಡಿಲಿಸಿಕೊಂಡ, ಗಿಬ್ಸನ್ ಎಸ್‌ಜಿ ಹಿಡಿದು ಬ್ಲ್ಯಾಕ್ ಸಬಾತ್ ತಂಡದ ಆ ಭಾರವಾದ ನಾದವನ್ನು ಹುಟ್ಟಿಸಿದ. ಮಿಲ್ಲಿನಲ್ಲಿ ದಿನವೂ ಯಂತ್ರದ ಬಾಯಿಯ ಹತ್ತಿರ ಕೈಯಿಟ್ಟು ಕೆಲಸ ಮಾಡುವವನಿಗೆ ಈ ಕಥೆ ಬೇರೆಯವರಿಗೆ ಕೇಳಿದ ಹಾಗೆ ಕೇಳುತ್ತಿರಲಿಲ್ಲ.

ಇನ್ನು ಬ್ರಯನ್ ಮೇ. ಕ್ವೀನ್ ತಂಡದ ಈತ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯ ಜೊತೆ ಕೂತು ಗಿಟಾರ್ ಕಟ್ಟಲು ಶುರುಮಾಡಿದ. ಹಳೆಯ ಬೆಂಕಿಗೂಡಿನ ಮರದಿಂದ ಕುತ್ತಿಗೆ, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳಿಂದ ಗುರುತಿನ ಚುಕ್ಕೆ, ಹಳೆಯ ಮೋಟಾರ್‌ಸೈಕಲ್ಲಿನ ಸ್ಪ್ರಿಂಗು. ರೆಡ್ ಸ್ಪೆಷಲ್ ಎಂಬ ಆ ಗಿಟಾರನ್ನೇ ಆತ ಮುಂದೆಲ್ಲ ನುಡಿಸುತ್ತಾ ಬಂದ. ಈ ಕಥೆ ನಮ್ಮನ್ನು ಕೆಡಿಸಿತು. ಒಂದು ಮಳೆಗಾಲ ನಾವೂ ಗಿಟಾರ್ ಕಟ್ಟಲು ಕೂತೆವು.

ಸಾಗವಾನಿ ಹಲಗೆ ಬಡಿಗ ಕಾಕಾ ಕೊಟ್ಟರು. ಬೆರಳು ಓಡುವ ಪಟ್ಟಿಗೆ ಗಟ್ಟಿ ಮರ ಬೇಕು ಎಂದಾಗ ಅವರು ಅಟ್ಟದಿಂದ ಮುರಿದ ಮಂಚದ ಕಾಲೊಂದನ್ನು ಇಳಿಸಿದರು. ಶೀಸಂ, ಅಂದರೆ ಬೀಟೆ. ರಂದಾ ಹೊಡೆದಾಗ ಒಳಗಿನಿಂದ ನೇರಳೆ ಬೆರೆತ ಕಂದು ಬಣ್ಣ ಎದ್ದು ಬಂತು, ಕೋಣೆ ತುಂಬ ಸಿಹಿ ವಾಸನೆ. ಫ್ರೆಟ್‌ಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂಬ ಲೆಕ್ಕ ಫಿಟರ್‌ನದು. ತಂತಿಯ ಪೂರ್ತಿ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು, ಹೀಗೆ. ಹನ್ನೆರಡನೆಯದು ತಂತಿಯ ನಟ್ಟನಡುವೆ ಬಂದು ನಿಲ್ಲಬೇಕು, ನಿಲ್ಲದಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ. ವರ್ನಿಯರ್ ಹಿಡಿದು ಅವನು ಗೀರು ಹಾಕುತ್ತಿದ್ದರೆ ಬಡಿಗ ಕಾಕಾ ಗರಗಸ ಹಿಡಿದು ಕಾಯುತ್ತಿದ್ದರು. ಅಲ್ಲೂ ಜಗಳ: ಫೆಂಡರಿನ ಅಳತೆ ಇಪ್ಪತ್ತೈದೂವರೆ ಇಂಚು, ಗಿಬ್ಸನ್ನಿನದು ಇಪ್ಪತ್ನಾಲ್ಕೂ ಮುಕ್ಕಾಲು. ಉದ್ದ ಹೆಚ್ಚಿದರೆ ತಂತಿ ಬಿಗಿ, ನಾದ ಹರಿತ. ಕಮ್ಮಿಯಾದರೆ ಬೆರಳಿಗೆ ಮೆತ್ತಗೆ. ಎರಡು ದಿನ ಕೆಲಸವೇ ನಿಂತಿತು. ಕೊನೆಗೆ ಕಾಕಾ, "ಉದ್ದ ಇಟ್ಟರ ಆಮ್ಯಾಲ ಕೊಯ್ಯಬಹುದು, ಗಿಡ್ಡ ಇಟ್ಟರ ಅಂಟಸಾಕ ಬರೂದಿಲ್ಲ" ಎಂದರು, ಫೆಂಡರ್ ಗೆದ್ದಿತು. ಊರಿನ ರೇಡಿಯೋ ರಿಪೇರಿಯವನು ಕೂದಲೆಳೆಯ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಪಿಕಪ್ ಮಾಡಿಕೊಟ್ಟ, ಒಡೆದ ಸ್ಪೀಕರಿನ ಅಯಸ್ಕಾಂತದ ತುಣುಕು ಹಾಕಿ. ಸಾಗವಾನಿಯ ಭಾರಕ್ಕೆ ಹೆಗಲು ಕೆಂಪಾಗುತ್ತಿತ್ತು. ಟ್ಯೂಬ್‌ಲೈಟಿಗೆ ಗುಂಯ್ಗುಟ್ಟಿದ್ದು ಇದೇ ಗಿಟಾರ್. ಆದರೆ ಅದರ ಬೀಟೆ ಪಟ್ಟಿಯ ಮೇಲೆ ಬೆರಳು ಓಡಿದಷ್ಟು ಸುಖವಾಗಿ ನಾನು ಬೇರೆ ಯಾವ ಗಿಟಾರಿನ ಮೇಲೂ ಓಡಿಸಿಲ್ಲ.

ನಾವು ಹಿಡಿದ ಮರದ ಮಹತ್ವ ಆಗ ನಮಗೆ ಪೂರ್ತಿ ತಿಳಿದಿರಲಿಲ್ಲ. ಬೆರಳಪಟ್ಟಿಗೆ ರೋಸ್‌ವುಡ್ ಹಾಕುವಾಗ ಫೆಂಡರ್, ಗಿಬ್ಸನ್ ಎರಡೂ ಕಂಪನಿಗಳು ಮೊದಲು ಬಳಸುತ್ತಿದ್ದದ್ದು ಬ್ರೆಜಿಲಿನದು. ಅದು ಸಿಗುವುದು ಕಷ್ಟವಾದಂತೆ 1960ರ ದಶಕದ ನಡುವಿನಿಂದ ಭಾರತದ ಬೀಟೆಗೆ ತಿರುಗಿದವು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಅದೇ ಮರ, ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಸಾಗವಾನಿ, ಮತ್ತಿ ದಿಮ್ಮಿಗಳ ಪಕ್ಕದಲ್ಲಿ ನಂಬರ್ ಬರೆಸಿಕೊಂಡು ಹರಾಜಿಗೆ ಮಲಗಿರುತ್ತಿದ್ದ ಅದೇ ಜಾತಿ. ನಾವು ಜಗತ್ತಿನ ಯಾವ ಮೂಲೆಯಲ್ಲೋ ಹುಟ್ಟಿದ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಆ ಗಿಟಾರ್‌ಗಳ ಮೇಲೆ ಬೆರಳು ತಾಗುವ ಜಾಗ ನಮ್ಮ ಘಟ್ಟದ್ದಾಗಿತ್ತು. ಈ ವಿಷಯ ಆಗ ಗೊತ್ತಿದ್ದರೆ ವಾದ ಎಷ್ಟು ಏರುತ್ತಿತ್ತೋ ಎಂದು ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಮರದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಸರಕಾರಿ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದರು. ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಹೋದ ಬೀಟೆಯ ಮತ್ತು ಕರಿಮರದ ಬೆರಳಪಟ್ಟಿಯ ತುಂಡುಗಳಿದ್ದವು. ಅರೆಬರೆ ಕೊಯ್ದ ಮರವನ್ನು ದೇಶದಾಚೆ ಕಳಿಸಬಾರದೆಂಬ ನಮ್ಮ ಕಾನೂನಿನ ಅರ್ಥವೇ ಅಲ್ಲಿ ವಿವಾದಕ್ಕೆ ಬಂತು. ಜೊತೆಗಿದ್ದ ಇನ್ನೊಂದು ತಕರಾರು, ಮಡಗಾಸ್ಕರಿನ ಕರಿಮರದ ವಿಷಯದಲ್ಲಿ, ಕಂಪನಿ ಮರುವರ್ಷ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿಯಾಯಿತು, ಭಾರತದ ಮರ ಅದಕ್ಕೆ ವಾಪಸ್ ಸಿಕ್ಕಿತು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದವು, ಆ ಮರವಿರುವ ಗಿಟಾರ್ ಮಾರಾಟಕ್ಕೆಂದು ಗಡಿ ದಾಟಬೇಕಾದರೆ ಕಾಗದಪತ್ರ ಬೇಕಾಯಿತು. ಅದೇ ವರ್ಷ ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಗಿಟಾರ್‌ಗಳಿಗೆ ದಕ್ಷಿಣ ಅಮೆರಿಕದ ಬೇರೆ ಮರ ಹಾಕತೊಡಗಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕದ್ದು 2019ರ ಕೊನೆಗೆ. ಇತ್ತ ನಮ್ಮ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಕಾಳಿಯ ಹೆಸರಿನಲ್ಲಿದೆ. ಮರ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಿಟಾರಿಗೆ ಬೇಕಾಗುವುದು ಒಂದು ಗೇಣು ಅಗಲವೂ ಇಲ್ಲದ ಪಟ್ಟಿ. ಕಾಡನ್ನು ತಿಂದದ್ದು ಮಂಚ, ಮೇಜು, ಪ್ಲೈವುಡ್ಡಿನ ಮೇಲ್ಪದರ.

ಆ ದಾಳಿಯ ಆಸುಪಾಸಿನಲ್ಲಿ ಗಿಬ್ಸನ್ ಒಂದು ಕೆಲಸ ಮಾಡಿತು. 1954ರಿಂದ ಲೆಸ್ ಪಾಲ್ ಕಸ್ಟಮ್ ಎಂಬ ಕಪ್ಪು ಸುಂದರಿಗೆ ಕರಿಮರದ ಬೆರಳಪಟ್ಟಿಯೇ ಲಕ್ಷಣ. ಅದರ ಜಾಗಕ್ಕೆ ರಿಚ್‌ಲೈಟ್ ಎಂಬ ಬೇರೊಂದು ವಸ್ತು ಹಾಕಿತು. ರಿಚ್‌ಲೈಟ್ ಎಂದರೆ ಕಾಗದ. ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ, ಶಾಖ ಕೊಟ್ಟು, ಒತ್ತಿ ಕಲ್ಲಿನಷ್ಟು ಗಟ್ಟಿ ಮಾಡಿದ ಹಲಗೆ. ಇದನ್ನು ಓದಿದ ದಿನ ನಾನು ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಹೊಗೆ ಕುಡಿದು ಬೆಳೆದವರು ನಾವು, ಕಾಗದದ ಊರಿನವರು. ಜಗತ್ತಿನ ಅತಿ ದೊಡ್ಡ ಹೆಸರಿನ ಗಿಟಾರಿನ ಮೇಲೆ ಬೆರಳು ಕಾಗದದ ಮೇಲೆ ಓಡತೊಡಗಿತ್ತು! ಇಂಥ ಸುದ್ದಿ ಆ ಹೆಂಚಿನ ಮನೆಗೆ ಬಂದಿದ್ದರೆ ಒಂದು ವಾರ ಯಾರೂ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಫೋನಿನಲ್ಲಿ ಎಲ್ಲರೂ "ಹೌದೇನು?" ಎಂದರು, ಮಕ್ಕಳ ಓದಿನ ಬಗ್ಗೆ ಕೇಳಿದರು. ಅಷ್ಟೇ.

ಅದು ಅವರ ತಪ್ಪಲ್ಲ. ಪ್ಲೈವುಡ್ ಕಾರ್ಖಾನೆ ಮುಚ್ಚಿತು, ಫೆರೋ ಕಾರ್ಖಾನೆ ಮುಚ್ಚಿತು, ಹುಡುಗರು ಗೋವೆಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದರು. ಅದಕ್ಕಿಂತ ಮುಂಚೆಯೇ ರಸಮಂಜರಿಯಿಂದ ಗಿಟಾರ್ ಹೊರಬೀಳತೊಡಗಿತ್ತು. ಕೀಬೋರ್ಡಿನಲ್ಲೇ ಗಿಟಾರಿನ ಸದ್ದು ಬರುತ್ತದೆಂದ ಮೇಲೆ ಇನ್ನೊಬ್ಬನಿಗೆ ಯಾಕೆ ಸಂಬಳ ಎಂದು ಆರ್ಕೆಸ್ಟ್ರಾದವರು ಲೆಕ್ಕ ಹಾಕಿದರು. ಆಮೇಲೆ ಕೀಬೋರ್ಡಿನವನೂ ಹೋದ, ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಬಂತು. ಈಗ ಗಣಪತಿಯ ಮುಂದೆ ಲ್ಯಾಪ್‌ಟಾಪ್ ಒಂದು, ಗಾಯಕರಿಬ್ಬರು. ಗಿಟಾರಿನ ತುಣುಕು ಬಂದಾಗ ಗಾಯಕ ನೀರು ಕುಡಿಯುತ್ತಾನೆ. ಮೊದಲು ಜನ ಕಾಯುತ್ತಿದ್ದದ್ದೇ ಆ ತುಣುಕಿಗೆ. ಕಾಳಿ ದಂಡೆಯ ರಿಸಾರ್ಟುಗಳಲ್ಲಿ ರಾತ್ರಿ ಬೆಂಕಿಯ ಸುತ್ತ ಹಾಡು ನಡೆಯುತ್ತದೆ, ಅಲ್ಲೂ ಹುಡುಗನ ಕೈಯಲ್ಲಿ ಗಿಟಾರ್ ಇದ್ದರೆ ಅದರ ಹಿಂದೆ ಫೋನಿನ ಟ್ರ್ಯಾಕ್.

ಗಿಟಾರ್ ಕಲಿಯುವ ಮಕ್ಕಳು ಈಗಲೂ ಇದ್ದಾರೆ, ನಮಗಿಂತ ಚೆನ್ನಾಗಿ ನುಡಿಸುತ್ತಾರೆ. ಅವರಿಗೆ ಆರಿಸಿಕೊಳ್ಳಬೇಕಾದ ಕಷ್ಟವಿಲ್ಲ. ಫೋನಿನ ಒಂದು ಆ್ಯಪ್‌ನಲ್ಲಿ ಸ್ಟ್ರ್ಯಾಟ್ ಇದೆ, ಲೆಸ್ ಪಾಲ್ ಇದೆ, ಅವೆರಡಕ್ಕೂ ತಕ್ಕ ಆಂಪ್ ಇದೆ. ಒಂದನ್ನು ಒತ್ತಿದರೆ ಇನ್ನೊಂದು ಹೋಗುತ್ತದೆ. ಯಾವುದು ದೊಡ್ಡದು ಎಂದು ಒಬ್ಬ ಹುಡುಗನನ್ನು ಕೇಳಿದೆ. ಅವನು ಫೋನ್ ತೆಗೆದು ಹರಾಜಿನ ಬೆಲೆ ತೋರಿಸಿದ: ಡೇವಿಡ್ ಗಿಲ್ಮೋರ್ ನುಡಿಸಿದ ಕಪ್ಪು ಸ್ಟ್ರ್ಯಾಟೊಕ್ಯಾಸ್ಟರ್ 2019ರಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಯಿತು. 2004ರಲ್ಲಿ ಎರಿಕ್ ಕ್ಲ್ಯಾಪ್ಟನ್‌ನ 'ಬ್ಲ್ಯಾಕಿ' ಎಂಬ ಸ್ಟ್ರ್ಯಾಟ್ 9,59,500 ಡಾಲರಿಗೆ ಹೋಗಿತ್ತು. "ಇದಾ ನೋಡ್ರಿ ಅಂಕಲ್, ನಂಬರ್ ಒನ್" ಎಂದ. ಅವನಿಗೆ ಅದರಲ್ಲಿ ಸಂಶಯವಿರಲಿಲ್ಲ. ನನಗೆ ಬಹಳ ನೋವಾದದ್ದು ಅಲ್ಲಿಯೇ. ಬೆಲೆಯೇ ತೀರ್ಪು ಕೊಟ್ಟ ಮೇಲೆ ಕಣ್ಣು ಮುಚ್ಚಿ ಕೈ ಎತ್ತಬೇಕಾದ ಅಗತ್ಯ ಯಾರಿಗಿದೆ? ನಾವು ಜಗಳವಾಡಿದ್ದರಿಂದಲೇ ಕೇಳಲು ಕಲಿತೆವು. ತನ್ನ ಪಕ್ಷ ಉಳಿಸಿಕೊಳ್ಳಲು ಎದುರಿನವನ ಗಿಟಾರನ್ನು ಅವನಿಗಿಂತ ಹೆಚ್ಚು ಸಲ ಕೇಳಬೇಕಾಗುತ್ತಿತ್ತು.

2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮಲ್ಲಿ ಕೆಲವರು ರಾತ್ರಿ ಬಸ್ಸಿಗೆ ಹೊರಟೆವು. ಎಲ್ಲೋ ದೂರದಲ್ಲಿ, ತಲೆಗಳ ಸಮುದ್ರದಾಚೆ, ಕೀತ್ ರಿಚರ್ಡ್ಸ್. ಟೆಲಿಕ್ಯಾಸ್ಟರಿನ ದಪ್ಪ ತಂತಿಯನ್ನು ತೆಗೆದುಹಾಕಿ ಐದೇ ತಂತಿಯಲ್ಲಿ ನುಡಿಸುವ ಮನುಷ್ಯ. ಜೊತೆಗಿದ್ದ ಲೆಸ್ ಪಾಲ್ ಪಂಗಡದ ಗೆಳೆಯ ನನ್ನ ತೋಳು ಹಿಡಿದು ಒಂದು ಹಾಡು ಪೂರ್ತಿ ಕೇಳಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಹಾವೇರಿ ದಾಟುವ ತನಕ ಸುಮ್ಮನಿದ್ದು, "ಆದ್ರೂ ಲೆಸ್ ಪಾಲ್ ಲೆಸ್ ಪಾಲನ ಬಿಡು" ಎಂದ. ಹಳಿಯಾಳ ಬರುವ ತನಕ ಬಸ್ಸಿನವರೆಲ್ಲ ನಮ್ಮನ್ನು ಬೈದರು.

ಅವನಿಗೆ ನಾನು ಅವತ್ತು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಓದಿ ಯಾರಾದರೂ ಎದುರು ವಾದಿಸಲಿ ಎಂಬ ಆಸೆಯಿಂದ. ಟೆಲಿಕ್ಯಾಸ್ಟರೇ ದೊಡ್ಡದು. ಅದರಲ್ಲಿ ಬೇಡದ ಒಂದು ವಸ್ತುವೂ ಇಲ್ಲ. ಒಂದು ಹಲಗೆ, ಎರಡು ಪಿಕಪ್, ಎರಡು ಗುಬಟಿ, ಒಂದು ಸ್ವಿಚ್ಚು. ಕುತ್ತಿಗೆ ಸವೆದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕೂರಿಸಬಹುದು. ಲೆಸ್ ಪಾಲಿನ ಕುತ್ತಿಗೆ ಅಂಟಿಸಿದ್ದು, ಮುರಿದರೆ ದೊಡ್ಡ ರಿಪೇರಿ. 1950ರಲ್ಲಿ ಮಾಡಿದ ಆಕಾರ ಇವತ್ತಿಗೂ ಹಾಗೆಯೇ ಮಾರಾಟವಾಗುತ್ತಿದೆ. ಜಾರ್ಜ್ ಹ್ಯಾರಿಸನ್ 1969ರ ಜನವರಿಯಲ್ಲಿ ಬೀಟಲ್ಸ್ ತಂಡದ ಕೊನೆಯ ಕಛೇರಿಯನ್ನು ಲಂಡನ್ನಿನ ಕಟ್ಟಡವೊಂದರ ತಾರಸಿಯ ಮೇಲೆ ನುಡಿಸಿದಾಗ ಅವನ ಕೈಯಲ್ಲಿದ್ದದ್ದೂ ಟೆಲಿಕ್ಯಾಸ್ಟರೇ, ಒಡಲು ಕುತ್ತಿಗೆ ಎಲ್ಲವನ್ನೂ ಬೀಟೆಯಲ್ಲಿ ಕಡೆದದ್ದು. ಎಲ್ಲಕ್ಕಿಂತ ಮುಖ್ಯ, ಅದನ್ನು ಕೋಗಿಲಬನದಲ್ಲಿ ಒಬ್ಬ ಬಡಿಗ, ಒಬ್ಬ ಫಿಟರ್, ಒಬ್ಬ ರೇಡಿಯೋ ರಿಪೇರಿಯವನು ಸೇರಿ ಕಟ್ಟಬಹುದು. ಲೆಸ್ ಪಾಲನ್ನು ಕಟ್ಟಿ ತೋರಿಸಲಿ ನೋಡೋಣ.